ಸೀಟಿನ ಕೆಳಗಿನ ಸೀಸ

ಕೆನ್ನೆವಿಕ್, ವಾಷಿಂಗ್ಟನ್
9 ಮಾರ್ಚ್ 1986

ಲೆಲ್ಯಾಂಡ್,

ಪತ್ರ ಬರೆಯುವುದರಲ್ಲಿ ನಿನ್ನ ತಂಗಿ ಎಂಥ ಸೋಮಾರಿ ಎಂದು ನಿನಗೆ ಗೊತ್ತು. ಆದರೆ ಫೋನು ಮಾಡಿದರೆ ಎಲ್ಸ್‌ಪೆತ್ ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾಳೆ ಎಂದೆಯಲ್ಲ, ಆಮೇಲೆ ಬೇರೆ ದಾರಿ ಕಾಣಲಿಲ್ಲ.

ಮೊದಲು ರೇಸ್ ದೋಣಿಯ ಸುದ್ದಿ. ಕಳೆದ ಆಗಸ್ಟಿನಲ್ಲಿ ನಿನ್ನನ್ನು ನದಿಗೆ ಎಸೆದು ತಾನೂ ಪಲ್ಟಿ ಹೊಡೆದ ನಮ್ಮ ಮಿಸ್ ಸೇಜ್‌ಬ್ರಷ್ ಈಗ ಶೆಡ್ಡಿನಲ್ಲಿ ಮಕಾಡೆ ಮಲಗಿದೆ. ಅರ್ಧ ಮೈ ಹೊಸದು. ಸೀಟನ್ನು ಇಂಜಿನ್ನಿನ ಹಿಂದಿನಿಂದ ಕಿತ್ತು ಮುಂದಕ್ಕೆ, ಮೂಗಿನ ಹತ್ತಿರಕ್ಕೆ ತಂದಿದ್ದೇವೆ. ಅದರ ಮೇಲೆ ಯುದ್ಧವಿಮಾನದ ಗಾಜಿನ ಮುಚ್ಚಳ. ಒಳಗೆ ಮೈಗೆಲ್ಲ ಬೆಲ್ಟು, ನೀರಡಿ ಸಿಕ್ಕಿಕೊಂಡರೆ ಉಸಿರಾಡಲು ಕೈಗೆಟುಕುವ ಹಾಗೆ ಒಂದು ಗಾಳಿಯ ಬಾಟಲಿ. ಈ ವರ್ಷದಿಂದ ಎಲ್ಲ ತಂಡದವರೂ ಹೀಗೇ ಮಾಡುತ್ತಿದ್ದಾರೆ.

ನಮ್ಮ ಆರಿನ್ ಮೇಸ್ತ್ರಿ ಈ ವಯಸ್ಸಿನಲ್ಲಿ ಆ ಮುಚ್ಚಳದೊಳಗೆ ತೂರಿಕೊಂಡು ನೋಡಿದ. ವಾಪಸು ಬರಲಾಗಲಿಲ್ಲ. "ಲೇ ಮರ್ನಾ, ಇದೇನ್ ದೋಣಿನೋ ಉಪ್ಪಿನಕಾಯಿ ಜಾಡಿನೋ," ಅಂದ. ಇಂಜಿನ್ ಬಿಚ್ಚುತ್ತಿದ್ದ ಲೂಪೆ ತಲೆ ಕೂಡ ಎತ್ತದೆ, "ಅಲ್ಲೇ ಇರಿ ಮೇಸ್ತ್ರಿ, ಆರ್ ತಿಂಗಳಾದ್ರೆ ರುಚಿ ಬರುತ್ತೆ," ಅಂದ. ಕೊನೆಗೆ ಇಬ್ಬರೂ ಕಂಕುಳಿಗೆ ಕೈ ಹಾಕಿ ಎಳೆದು ತೆಗೆದೆವು.

ಮುಖ್ಯ ವಿಷಯ ಈಗ. ಹಾಲ್ವರ್ ನಿನ್ನೆ ಶೆಡ್ಡಿಗೆ ಬಂದಿದ್ದ. ದೋಣಿಯ ಒಡೆಯ ನೋಡು, ಬಂದರೆ ಒಂದು ಭಾಷಣ ಆಗಲೇಬೇಕು. "ಸೀಟು ಲೆಲ್ಯಾಂಡ್‌ದು. ಜುಲೈ ಕೊನೇಲಿ ನಮ್ಮೂರ ರೇಸಿಗೆ ಅವನು ಬಂದ್ರೆ ಅವನೇ ಓಡಿಸ್ತಾನೆ, ಬೇರೆ ಮಾತಿಲ್ಲ," ಅಂದ, ಎಲ್ಲರೆದುರಿಗೂ. ಬರದಿದ್ದರೆ ಏನು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದ್ದರಿಂದ ಪೆಟ್ಟಾದ ಕಣ್ಣಿನ ವ್ಯಾಯಾಮ ತಪ್ಪಿಸಬೇಡ.

ಮರ್ನಾ


ಪೋಲ್ಸನ್, ಮೊಂಟಾನಾ
24 ಮಾರ್ಚ್ 1986

ಮರ್ನಾ,

ಹಾಲ್ವರ್ ಮಾತಿಗೆ ತಪ್ಪುವವನಲ್ಲ. ಅವನಿಗೆ ಹೇಳು, ಜುಲೈನಲ್ಲಿ ಬರುತ್ತೇನೆ.

ಆದರೆ ಆ ಬೆಲ್ಟು ಯಾವ ಮಹಾನುಭಾವನ ಯೋಚನೆ? ನೂರೈವತ್ತು ಮೈಲಿ ವೇಗದಲ್ಲಿ ದೋಣಿ ಮಗುಚಿದರೆ ಡ್ರೈವರ್ ಹೊರಗೆ ಬೀಳಬೇಕು. ಅಪ್ಪನ ಕಾಲದಿಂದಲೂ ನಾವು ಬದುಕಿದ್ದು ಹಾಗೆಯೇ. ಅವತ್ತು ನನ್ನನ್ನು ಕಟ್ಟಿಹಾಕಿದ್ದರೆ ದೋಣಿಯ ಜೊತೆ ಕೊಲಂಬಿಯಾ ನದಿಯ ತಳ ನೋಡಿಕೊಂಡು ಇರುತ್ತಿದ್ದೆ. ಆರಿನ್‌ಗೆ ಹೇಳು, ನಾನು ಬಂದ ದಿನ ಮೊದಲು ಆ ಬೆಲ್ಟುಗಳನ್ನು ಕತ್ತರಿಸುತ್ತೇನೆ.

ಡಾಕ್ಟರು ಕಳೆದ ವಾರ ನೋಡಿದರು. ಒಳ್ಳೆಯ ಮನುಷ್ಯ, ಮೀನಿನ ಹುಚ್ಚು ಅವರಿಗೂ ಇದೆ. ಅರ್ಧ ಗಂಟೆ ಅದನ್ನೇ ಮಾತಾಡಿದೆವು. ಇಲ್ಲಿ ಕೆರೆಯ ದಂಡೆಯಲ್ಲಿ ಮೀನು ಹಿಡಿಯುವವರಿಗೆ ಹುಟ್ಟುದೋಣಿ ಬಾಡಿಗೆ ಕೊಡುವ ಒಂದು ಕಟ್ಟೆ ಇದೆ, ಏಪ್ರಿಲಿನಿಂದ ಕೆಲಸಕ್ಕೆ ಬಾ ಎಂದು ಅದರ ಯಜಮಾನ ಕರೆದಿದ್ದಾನೆ. ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾರುತ್ತಿದ್ದವನು ಹುಟ್ಟುಗೋಲು ಲೆಕ್ಕ ಹಾಕಿಕೊಂಡು ಕೂರಬೇಕು. ನಗಬೇಡ.

ಅತ್ತೆ ದಿನಾ ಬೆಳಿಗ್ಗೆ ಪ್ಯಾನ್‌ಕೇಕ್ ಮಾಡುತ್ತಾಳೆ. ನಿನ್ನೆ ಸಿರಪ್ಪನ್ನು ತಟ್ಟೆಯ ಪಕ್ಕದ ಮೇಜುಬಟ್ಟೆಗೆ ಸುರಿದೆ. "ನಿನ್ ಗಮನ ಎಲ್ಲಿದ್ಯೋ," ಅಂತ ಬೈದಳು. ದೋಣಿಯ ಮೇಲಿತ್ತು ಅಂದೆ.

ಸೀಟಿನ ಅಚ್ಚು ತೆಗೆಯುವುದು ಯಾವಾಗ? ಗಟ್ಟಿಯಾಗುವ ನೊರೆ ತುಂಬಿದ ಚೀಲದ ಮೇಲೆ ಡ್ರೈವರನೇ ಕೂತರೆ ತಾನೆ ಅವನ ಬೆನ್ನಿನ ಅಚ್ಚು ಬರುವುದು? ಒಂದು ದಿನದ ಮಟ್ಟಿಗೆ ಬಸ್ಸಿನಲ್ಲಿ ಬಂದು ಕೂತು ಹೋಗುತ್ತೇನೆ.

ಲೆಲ್ಯಾಂಡ್


ಕೆನ್ನೆವಿಕ್
27 ಏಪ್ರಿಲ್ 1986

ಲೆಲ್ಯಾಂಡ್,

ಉತ್ತರ ತಡವಾಯಿತು. ಶಾಲೆಯ ಬಸ್ಸು ಓಡಿಸಿ ಮುಗಿಸಿ ಶೆಡ್ಡಿಗೆ ಹೋಗುವಷ್ಟರಲ್ಲಿ ನಾಲ್ಕಾಗುತ್ತದೆ. ಲೂಪೆಗೆ ಶತಾವರಿ ಕೊಯ್ಲಿನ ಕಾಲ, ಅದನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಎರಡು ಪಾಳಿ. ಬರುವಾಗ ಒಂದು ಮೂಟೆ ಶತಾವರಿ ಹೊತ್ತು ತರುತ್ತಾನೆ. ಸುಟ್ಟಿದ್ದು, ಬೇಯಿಸಿದ್ದು, ಮೊಟ್ಟೆ ಹಾಕಿದ್ದು, ಎಲ್ಲಾ ಆಯಿತು. ಆರಿನ್, "ಇನ್ನೊಂದ್ ಕಡ್ಡಿ ತಿಂದ್ರೆ ನಾನೇ ಹಸುರಾಗ್ತೀನಿ, ಆಮೇಲೆ ರೇಸಿನವರಿಗೆ ಹಸುರು ಅಪಶಕುನ ಅಂತ ನನ್ನೇ ಶೆಡ್ಡಿಂದ ಓಡಿಸ್ತೀರಿ," ಅಂದ.

ಅಚ್ಚಿನ ವಿಷಯಕ್ಕೆ ಅವಸರವಿಲ್ಲ. ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುವುದು ನಿನ್ನ ತಲೆಗೆ ಒಳ್ಳೆಯದಲ್ಲ. ಆಮೇಲೆ ನೋಡೋಣ.

ದೋಣಿಯನ್ನು ಹೋದ ಶನಿವಾರ ಕ್ರೇನಿನಲ್ಲಿ ಎತ್ತಿ ನೀರಿಗಿಳಿಸಿದೆವು. ಪ್ರೊಪೆಲ್ಲರ್ ನಾನು ಮೂರು ವಾರ ಅರ ಹಿಡಿದು ಉಜ್ಜಿದ್ದು, ಅಂಚಿಗೆ ಕಾಗದ ತಾಗಿಸಿದರೆ ಕತ್ತರಿಸುತ್ತದೆ. ಇಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಆ ಸದ್ದು ಕೇಳಿ ದಂಡೆಯ ಮನೆಗಳವರೆಲ್ಲ ಹೊರಗೆ ಬಂದು ನಿಂತರು. ಹಿಂದಿನಿಂದ ನೀರು ಬಾಲದ ಹಾಗೆ ಎದ್ದಾಗ ಲೂಪೆ ಕಣ್ಣೊರೆಸಿಕೊಂಡ, ಕೇಳಿದರೆ ಪೆಟ್ರೋಲಿನ ಹೊಗೆ ಅಂದ. ದೋಣಿಯ ಮೂಗು ಮಾತ್ರ ಸ್ವಲ್ಪ ಹೆಚ್ಚೇ ಏಳುತ್ತಿತ್ತು, ಗಾಳಿ ಅಡಿಗೆ ನುಗ್ಗಿದರೆ ಹಾರಿ ಹಿಂದಕ್ಕೆ ಬೀಳುವ ಭಯ. ಅದಕ್ಕೆ ಸೀಟಿನ ಕೆಳಗೆ ಐವತ್ತು ಪೌಂಡ್ ಸೀಸ ಇಟ್ಟು ಬೋಲ್ಟು ಹಾಕಿದ್ದೇವೆ. ಈಗ ಸಮನಾಗಿ ಕೂರುತ್ತದೆ.

ಕಣ್ಣು ಹೇಗಿದೆ ಎಂದು ನೀನು ಬರೆಯಲೇ ಇಲ್ಲ.

ಮರ್ನಾ


ಪೋಲ್ಸನ್
4 ಮೇ 1986

ಮರ್ನಾ,

ನಿನ್ನ ಪತ್ರ ಎರಡು ಸಲ ಓದಿದೆ. ಸೀಸದ ಸಾಲು ಓದಿ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ನಾನು ಆಸ್ಪತ್ರೆಯಲ್ಲಿ ಒಣಗಿ ಕಡ್ಡಿಯಾಗಿದ್ದೇನೆ ಎಂದು ನಿಮಗೆ ನೆನಪಿದೆಯಲ್ಲ. ಡ್ರೈವರ್ ಹಗುರವಾದನಲ್ಲಾ ಎಂದು ಮೊದಲೇ ತೂಕ ಕಟ್ಟಿಟ್ಟಿದ್ದೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಆರಿನ್ ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ, ಆದರೆ ಇಂಥದ್ದು ಅವನಿಗೇ ಹೊಳೆಯುವುದು. ನನ್ನ ಪರವಾಗಿ ಒಂದು ಬಿಯರ್ ಕೊಡಿಸು.

ಆದರೆ ಸೀಸ ತೆಗೆಸಿಬಿಡು. ಅತ್ತೆಯ ಪ್ಯಾನ್‌ಕೇಕಿನ ಮಹಿಮೆಯಿಂದ ಹಳೆಯ ಪ್ಯಾಂಟು ಈಗ ಬಿಗಿಯುತ್ತಿದೆ. ಜುಲೈ ಹೊತ್ತಿಗೆ ನಾನೇ ಸೀಸದ ಹಾಗಾಗುತ್ತೇನೆ.

ಕಟ್ಟೆಯ ಕೆಲಸ ಶುರುವಾಗಿದೆ. ಹುಟ್ಟುದೋಣಿಗಳನ್ನು ಸಾಲಾಗಿ ತಂದು ಕಟ್ಟುವುದು. ನಿನ್ನೆ ಒಂದನ್ನು ಕಂಬಕ್ಕೆ ಗುದ್ದಿಸಿದೆ. ಯಜಮಾನ ಮುದುಕ, "ನೀನ್ ರೇಸ್ ದೋಣಿ ಓಡಿಸ್ತಿದ್ದೆ ಅಂದ್ಯಲ್ಲ, ಯಾವುದರ ವಿರುದ್ಧ, ಕಂಬದ ವಿರುದ್ಧನಾ," ಅಂದ. ನಾನೂ ನಕ್ಕೆ. ಹೊಸ ಜಾಗ, ಅಭ್ಯಾಸವಾಗಬೇಕು.

ಲೆಲ್ಯಾಂಡ್


ಕೆನ್ನೆವಿಕ್
1 ಜೂನ್ 1986

ಲೆಲ್ಯಾಂಡ್,

ಬಿಯರ್ ಕೊಡಿಸಿದೆ. ಆರಿನ್ ಕುಡಿದ.

ಕೆಲಸ ತಲೆಯ ಮೇಲಿದೆ. ಗೇರ್‌ಬಾಕ್ಸಿನ ಎಣ್ಣೆಯಲ್ಲಿ ಲೋಹದ ಪುಡಿ ಕಂಡಿತು, ಪೂರ್ತಿ ಬಿಚ್ಚಿದ್ದೇವೆ. ದೋಣಿ ನೀರಿಗೆ ಊರುವ ಬಲಬದಿಯ ತೇಲುಪಾದದಲ್ಲಿ ಕೂದಲೆಳೆಯಷ್ಟು ಬಿರುಕು, ಅದನ್ನು ಮುಚ್ಚಿ ಉಜ್ಜಿದೆವು. ಪೆಡಲನ್ನು ನಾಲ್ಕು ಇಂಚು ಸೀಟಿನ ಕಡೆಗೆ ತಂದು ಬೆಸುಗೆ ಹಾಕಿದ್ದಾಯಿತು. ರೇಡಿಯೋ ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ಸೆಕೆ ಶುರುವಾಗಿದೆ, ಶೆಡ್ಡಿನ ತಗಡು ಮಧ್ಯಾಹ್ನ ಮುಟ್ಟಲಾಗುವುದಿಲ್ಲ.

ಸೀಸ ಸದ್ಯಕ್ಕೆ ಇರಲಿ ಎಂದು ಆರಿನ್ ಹೇಳುತ್ತಾನೆ.

ಬೇರೇನೂ ವಿಶೇಷವಿಲ್ಲ. ಆರೋಗ್ಯ ನೋಡಿಕೋ.

ಮರ್ನಾ


ಪೋಲ್ಸನ್
12 ಜೂನ್ 1986

ಮರ್ನಾ,

ಆಸ್ಪತ್ರೆಯಲ್ಲಿ ಮನುಷ್ಯನ ಮೈ ಇಳಿಯುತ್ತದೆ, ಒಪ್ಪುತ್ತೇನೆ. ಕಾಲು ಗಿಡ್ಡವಾಗುವುದಿಲ್ಲ.

ನಾಲ್ಕು ಇಂಚು. ಆ ಸಾಲು ಓದಿದವನು ಪತ್ರ ಮಡಿಸಿಟ್ಟು ಕಟ್ಟೆಗೆ ಹೋಗಿ ಕೂತೆ. ನನಗಿಂತ ಐವತ್ತು ಪೌಂಡ್ ಹಗುರ, ಕಾಲು ನಾಲ್ಕು ಇಂಚು ಗಿಡ್ಡ. ಅಂಥ ಡ್ರೈವರ್ ಈ ಕಡೆಯ ಯಾವ ತಂಡದಲ್ಲೂ ಇಲ್ಲ. ಆದರೆ ಆ ಕಾಲು ನನಗೆ ಗೊತ್ತು. ಹಾರ್ಸ್ ಹೆವನ್ ಗುಡ್ಡದ ಗೋಧಿ ಹೊಲದಲ್ಲಿ ಅಪ್ಪ ನಿನಗೆ ಟ್ರ್ಯಾಕ್ಟರ್ ಕಲಿಸಿದಾಗ ಕಾಲು ಎಟುಕುತ್ತಿರಲಿಲ್ಲ. ಪೆಡಲಿಗೆ ಮರದ ತುಂಡು ಕಟ್ಟಿಕೊಟ್ಟವನು ನಾನು.

ಮೂರು ತಿಂಗಳು. ಪ್ರೊಪೆಲ್ಲರ್ ಉಜ್ಜಿದ್ದು ಬರೆದೆ, ಶತಾವರಿ ಬರೆದೆ, ಲೂಪೆ ಅತ್ತದ್ದು ಬರೆದೆ. ದೋಣಿ ಓಡಿತು ಎಂದು ಬರೆದೆ, ಯಾರು ಓಡಿಸಿದರು ಎಂದು ಬರೆಯಲಿಲ್ಲ. ನಾನು ಇಲ್ಲಿ ಹಿಗ್ಗಿಹೋಗಿ ಆರಿನ್‌ಗೆ ಬಿಯರ್ ಕೊಡಿಸು ಎನ್ನುತ್ತಿದ್ದೆ. ಶೆಡ್ಡಿನಲ್ಲಿ ಎಲ್ಲರೂ ಕೂತು ನಕ್ಕಿರಬೇಕು.

ಸೀಟು ಹೋದದ್ದಕ್ಕೆ ಸಿಟ್ಟು ಬಂದಿದೆ. ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ಹೆದರಿಕೆಯಾಗಿದೆ. ಜಾಡಿಯೊಳಗೆ ನಿನ್ನನ್ನು ಕಟ್ಟಿಹಾಕಿ ಮೇಲೆ ಮುಚ್ಚಳ ಹಾಕುತ್ತಾರೆ. ಮಗುಚಿದರೆ ಬಿಚ್ಚುವವರು ಯಾರು? ಇಳಿದುಬಿಡು, ಮರ್ನಾ. ನಾನು ಬರುವ ತನಕ ದೋಣಿ ಶೆಡ್ಡಿನಲ್ಲೇ ಇರಲಿ.

ಲೆಲ್ಯಾಂಡ್


ಕೆನ್ನೆವಿಕ್
18 ಜೂನ್ 1986

ಲೆಲ್ಯಾಂಡ್,

ಯಾರೂ ನಗಲಿಲ್ಲ. ನಿನ್ನ ಬಿಯರನ್ನು ಆರಿನ್ ಕೈಗೆ ಕೊಟ್ಟಾಗ ಅವನು ಕೇಳಿದ್ದು ಒಂದೇ ಮಾತು. "ಅವನಿಗ್ ಯಾವಾಗಮ್ಮಾ ಹೇಳ್ತೀಯ?" ಈ ವಾರ ಅಂದೆ. ಬರೆಯಲು ಕೂತೆ, ಗೇರ್‌ಬಾಕ್ಸಿನ ವಿಷಯ ಬರೆದೆ.

ನಡೆದದ್ದು ಇಷ್ಟು. ಮಾರ್ಚ್ ಕೊನೆಯಲ್ಲಿ ಹಾಲ್ವರ್ ಒಬ್ಬನೇ ಬಂದ. ಏಪ್ರಿಲಿನಲ್ಲಿ ಪರೀಕ್ಷೆಗೆ ನೀರಿಗಿಳಿಯದ ದೋಣಿಗೆ ಈ ವರ್ಷ ರೇಸಿನಲ್ಲಿ ಜಾಗವಿಲ್ಲವಂತೆ. ಓಡಿಸುವವರಿಲ್ಲದಿದ್ದರೆ ಇಂಜಿನ್ನುಗಳನ್ನು ಮಾರಿ ಶೆಡ್ಡಿಗೆ ಬೀಗ ಹಾಕುತ್ತೇನೆ ಅಂದ. ಆರಿನ್ ನನ್ನ ಕಡೆ ಬೆರಳು ತೋರಿಸಿದ. "ಏಳು ವರ್ಷ ಸಣ್ಣ ದೋಣಿ ಓಡಿಸ್ದೋಳು ಇಲ್ಲೇ ಪ್ರೊಪೆಲ್ಲರ್ ಉಜ್ತಾ ಕೂತಿದಾಳೆ, ನೀನು ಊರೆಲ್ಲಾ ಹುಡುಕ್ತೀಯ." ಹಾಗೆ ಕೂತೆ. ಅಚ್ಚೂ ನನ್ನದೇ ತೆಗೆದರು.

ನಿನಗೋಸ್ಕರ, ನಿನ್ನ ಸೀಟು ಕಾಯಲು ಕೂತೆ ಎಂದು ಬರೆಯಬಹುದಿತ್ತು. ಎರಡು ಸಲ ಹಾಗೇ ಬರೆದು ಹರಿದೆ. ನಿಜ ಏನೆಂದರೆ ನನಗೆ ಬೇಕಿತ್ತು. ಹನ್ನೆರಡು ವರ್ಷ ನಿನ್ನ ದೋಣಿಯ ಅಡಿ ಒರೆಸಿದ್ದೇನೆ, ನಿನ್ನ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದೇನೆ. ಅವತ್ತು ಶನಿವಾರ ದೋಣಿ ನೀರು ಬಿಟ್ಟು ಎದ್ದಾಗ ನನಗಾದ ಸಂತೋಷ ಯಾರಿಗೂ ಹೇಳಲಾರೆ, ನಿನಗಂತೂ ಮೊದಲೇ ಹೇಳಲಾರೆ. ನೀನು ಅಲ್ಲಿ ಕಣ್ಣಿಗೆ ವ್ಯಾಯಾಮ ಮಾಡಿಕೊಂಡು ಕಾಯುತ್ತಿರುವಾಗ ನಾನು ಇಲ್ಲಿ ಸಂತೋಷಪಡುವುದು ಹೇಗೆ? ಅದಕ್ಕೇ ಬರೆಯಲಾಗಲಿಲ್ಲ.

ಬೆಲ್ಟಿನ ಮಾತು. ನಿನ್ನನ್ನು ಬದುಕಿಸಿದ್ದು ದೋಣಿ ಎಸೆದದ್ದು ಎಂದು ನೀನು ನಂಬಿದ್ದೀಯ. ನಾನು ದಂಡೆಯಲ್ಲಿದ್ದೆ, ನೋಡಿದೆ. ಆ ವೇಗದಲ್ಲಿ ನೀರು ಕಲ್ಲು. ನಿನ್ನ ತಲೆ ಒಡೆದದ್ದು ಅದರ ಮೇಲೆ ಬಿದ್ದೇ. ಈಗ ಸೀಟು ಇರುವ ದೋಣಿಯ ಮುಂಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ. ಹೋದ ವಾರ ನನ್ನನ್ನು ಸೀಟಿಗೆ ಕಟ್ಟಿ ಕೊಳದಲ್ಲಿ ತಲೆಕೆಳಗು ಮಾಡಿ ಮುಳುಗಿಸಿದರು. ಬಾಟಲಿಯ ಗಾಳಿ ಎಳೆದುಕೊಂಡು, ನಾನೇ ಬೆಲ್ಟು ಬಿಚ್ಚಿಕೊಂಡು ಹೊರಗೆ ಬಂದೆ. ನಾಲ್ಕು ಸಲ.

ಹಾಲ್ವರ್‌ನ ಮಾತು ಹಾಗೇ ಇದೆ, ಬದಲಾಗಿಲ್ಲ. ಕಣ್ಣು ಸರಿಯಾಗಿದೆ ಎಂದು ಒಂದು ಸಾಲು ಬರೆ. ಅವತ್ತೇ ಇಳಿಯುತ್ತೇನೆ, ಆ ಪೆಡಲನ್ನು ನಾನೇ ಕೊಯ್ದು ಮೊದಲಿನ ಜಾಗಕ್ಕೆ ಹಾಕುತ್ತೇನೆ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ ಎಂದರೆ ಸುಳ್ಳು. ಆದರೂ ಇಳಿಯುತ್ತೇನೆ.

ಮರ್ನಾ


ಪೋಲ್ಸನ್
9 ಜುಲೈ 1986

ಮರ್ನಾ,

ಇಷ್ಟು ದಿನ ಸುಮ್ಮನಿದ್ದೆ ಎಂದು ಸಿಟ್ಟಾಗಬೇಡ. ನಿನ್ನ ಪತ್ರಕ್ಕೆ ಮರುದಿನವೇ ಉತ್ತರ ಬರೆದಿದ್ದೆ. "ಕಣ್ಣು ಸರಿಯಾಗಿದೆ, ಬರುತ್ತಿದ್ದೇನೆ." ಅಷ್ಟೇ. ಲಕೋಟೆಗೆ ಹಾಕಿ ಅಂಟು ನೆಕ್ಕಿ ಸ್ಟಾಂಪೂ ಹಚ್ಚಿದೆ. ಎರಡು ವಾರಕ್ಕೂ ಮೇಲೆ ಅದು ಅಂಗಿಯ ಜೇಬಿನಲ್ಲಿತ್ತು. ಅಂಚೆ ಡಬ್ಬಿಯ ಮುಂದೆ ದಿನಾ ಹಾದು ಹೋಗುತ್ತೇನೆ. ಹಾಕಿದ್ದರೆ ನೀನು ಇಳಿಯುತ್ತಿದ್ದೆ, ನನಗೆ ಗೊತ್ತು. "ಆದರೂ ಇಳಿಯುತ್ತೇನೆ" ಎಂದು ನೀನು ಬರೆದಿರದಿದ್ದರೆ ಹಾಕಿಬಿಡುತ್ತಿದ್ದೆನೇನೋ.

ಕಣ್ಣು ಸರಿಯಾಗಿಲ್ಲ. ಆಗುವುದೂ ಇಲ್ಲ. ಮಾರ್ಚಿನಲ್ಲೇ ಡಾಕ್ಟರು ಹೇಳಿದರು. ಎಡಗಣ್ಣು ಬೆಳಕನ್ನು ನೋಡುತ್ತದೆ, ಬಲಗಣ್ಣಿನ ಜೊತೆ ಸೇರುವುದಿಲ್ಲ. ಯಾವುದು ಎಷ್ಟು ದೂರ ಎಂದು ತಿಳಿಯುವುದಿಲ್ಲ. ಸಿರಪ್ಪು ತಟ್ಟೆಗೆ ಬೀಳದಿದ್ದದ್ದು, ದೋಣಿ ಕಂಬಕ್ಕೆ ಬಡಿದದ್ದು, ಎಲ್ಲಾ ಅದಕ್ಕೇ. ಮೀನಿನ ಮಾತಾಡಿದ್ದು ನಿಜ. ಈ ಸುದ್ದಿ ಹೇಳಿ ಮುಗಿಸಿದ ಮೇಲೆ ಪಾಪ, ಅವರಿಗೆ ಬೇರೇನು ಮಾತಾಡಬೇಕೋ ಹೊಳೆಯಲಿಲ್ಲ.

ನಿನಗೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತು. ಶೆಡ್ಡಿನಲ್ಲಿ ನನ್ನ ಹೆಸರಿನ ಸೀಟೊಂದು ಇದೆ ಎಂದುಕೊಂಡೇ ದಿನಾ ಬೆಳಿಗ್ಗೆ ಏಳುತ್ತಿದ್ದೆ. ನಿನ್ನನ್ನು ಮೂರು ತಿಂಗಳ ಲೆಕ್ಕ ಕೇಳಿದೆನಲ್ಲ, ನನ್ನ ಲೆಕ್ಕ ಅದಕ್ಕಿಂತ ಉದ್ದ.

ಬೆಲ್ಟಿನ ವಿಷಯದಲ್ಲಿ ನೀನು ಹೇಳಿದ್ದು ಸರಿಯಿರಬಹುದು. ನನ್ನ ಹೆದರಿಕೆ ಅದರಿಂದ ಕಡಿಮೆಯಾಗಿಲ್ಲ. ನಾನು ಬಿದ್ದ ತಿರುವಿನ ಹತ್ತಿರ, ಹಳೆ ಸೇತುವೆಯ ಕೆಳಗೆ, ಮಧ್ಯಾಹ್ನದ ಗಾಳಿ ನದಿಗೆ ಎದುರಾಗಿ ಬೀಸುತ್ತದೆ. ಅಲ್ಲಿ ಪೆಡಲಿನಿಂದ ಕಾಲನ್ನು ಒಂದು ಕೂದಲಷ್ಟು ಎತ್ತು, ಪೂರ್ತಿ ಎತ್ತಬೇಡ. ನಾನು ಪೂರ್ತಿ ಒತ್ತಿದ್ದೆ.

ಇನ್ನೊಂದು. ಆರಿನ್‌ನನ್ನು ಕೇಳು, ತಂಡದಲ್ಲಿ ಏನಾದರೂ ಕೆಲಸ ಇದೆಯಾ ಅಂತ. ದೂರ ತಿಳಿಯದಿದ್ದರೂ ಕೈಗೆ ಸಿಕ್ಕಿದ್ದನ್ನು ಹಿಡಿಯಬಲ್ಲೆ. ಇಲ್ಲ ಎಂದರೆ ಬೇಸರವಿಲ್ಲ. ಇಲ್ಲಿ ಕುಳಿತು ನಿನ್ನ ರೇಸಿನ ಸುದ್ದಿಗೆ ಕಾಯುವುದು ಮಾತ್ರ ನನ್ನಿಂದಾಗುವುದಿಲ್ಲ.

ಲೆಲ್ಯಾಂಡ್


ಕೆನ್ನೆವಿಕ್
15 ಜುಲೈ 1986

ಲೆಲ್ಯಾಂಡ್,

ನಿನ್ನ ಪತ್ರವನ್ನು ಶೆಡ್ಡಿನ ಹಿಂದೆ ನಿಂತು ಓದಿದೆ. ಒಳಗೆ ಬಂದಾಗ ಮುಖ ನೋಡಿ ಲೂಪೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ನಿನ್ನ ಕಣ್ಣಿನ ವಿಷಯ ಅವನಿಗೂ ಆರಿನ್‌ಗೂ ಹೇಳಿದೆ.

ಆಮೇಲೆ ಕೆಲಸದ ಮಾತು ಕೇಳಿದೆ. ಆರಿನ್ ಎಂಥವನು ಗೊತ್ತಲ್ಲ, ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ. "ಬರ್ಲಿ. ಆದ್ರೆ ಮಾಜಿ ಡ್ರೈವರ್ ಅಂತ ಬಂದು ಕೈ ಕಟ್ಕೊಂಡು ನಿಂತು ಬುದ್ಧಿ ಹೇಳೋ ಹಾಗಿದ್ರೆ ಅಲ್ಲೇ ಇರ್ಲಿ. ನಮ್ ತಂಡಕ್ಕೆ ಹೊಸಬ ಅಂದ್ರೆ ಹೊಸಬನೇ. ಮೊದಲ್ನೇ ವರ್ಷ ಬಟ್ಟೆ, ಬಕೆಟ್ಟು. ದೋಣಿ ಅಡಿ ಒರೆಸ್ಬೇಕು, ಮೇಲೂ ಒರೆಸ್ಬೇಕು. ಹಾಲ್ವರ್ ಮಗ ಬಂದಾಗ್ಲೂ ಅದೇ, ನೀನ್ ಬಂದಾಗ್ಲೂ ಅದೇ." ನಾನು, "ಅವನು ಹನ್ನೆರಡು ವರ್ಷ ನಿಮ್ಮ ದೋಣಿ ಓಡಿಸಿದವನು ಮೇಸ್ತ್ರಿ," ಅಂದೆ. "ಓಡ್ಸಿದಾನೆ, ಒರೆಸಿದಾನಾ?" ಅಂದ. ಆಮೇಲೆ ಬೆನ್ನು ತಿರುಗಿಸಿ, "ಯಾವ್ ಬಸ್ಸು ಅಂತ ಬರೀಲಿಕ್ಕೆ ಹೇಳು, ನನ್ನ ಟ್ರಕ್ ತರ್ತೀನಿ," ಅಂದ.

ನಿನಗೆ ಇದು ಅವಮಾನ ಅನ್ನಿಸಿದರೆ ಬರಬೇಡ, ನಾನು ತಪ್ಪು ತಿಳಿಯುವುದಿಲ್ಲ. ನೀನು ಬಕೆಟ್ಟು ಹಿಡಿದು ನಿಂತಿರುವಾಗ ನಾನು ಆ ಸೀಟಿಗೆ ಹತ್ತಬೇಕು. ಹೇಗೆ ಹತ್ತಲಿ ಹೇಳು.

ಮರ್ನಾ


ಪೋಲ್ಸನ್
19 ಜುಲೈ 1986

ಮರ್ನಾ,

ಗುರುವಾರ ಸಂಜೆ ಆರಕ್ಕೆ ಪಾಸ್ಕೋ ಬಸ್ ನಿಲ್ದಾಣ. ಆರಿನ್‌ಗೆ ಹೇಳು. ಅತ್ತೆ ಹಕಲ್‌ಬೆರಿ ಜಾಮಿನ ಆರು ಬಾಟಲಿ ಕಟ್ಟಿದ್ದಾಳೆ, ನಾನು ಎತ್ತಿಕೊಂಡರೆ ಒಡೆಯುತ್ತೇನೆ ಎಂದು ಬಸ್ ಡ್ರೈವರನ ಕೈಗೇ ಕೊಡುತ್ತಾಳಂತೆ.

ಹೇಗೆ ಹತ್ತಲಿ ಎಂದು ಕೇಳಿದ್ದೀಯ. ಬೂಟು ಒರೆಸಿಕೊಂಡು ಹತ್ತು. ನಾನು ಬೆಳಗಿನಿಂದ ಕೂತು ಉಜ್ಜಿದ ದೋಣಿಯ ಮೇಲೆ ಡ್ರೈವರ್‌ಗಳು ಕೆಸರು ಕಾಲಿಟ್ಟರೆ ನನಗೆ ಸರಿಬರುವುದಿಲ್ಲ.

ಲೆಲ್ಯಾಂಡ್